ಗೊತ್ತಾಯ್ತಾ ಅಂತ ಕೇಳಿದರೆ

ಕೇಳುಗರಿಗೆ ನಮಸ್ಕಾರ. ಎದೆರೋಗದ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ಮೂಡಿಗೆರೆ ಕಡೆಯ ಒಬ್ಬ ಹಿರಿಯರಿಗೆ ಸಿಓಪಿಡಿ ಇತ್ತು. ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ಕಾಯಿಲೆ ಅದು. ಡಾಕ್ಟರು ಪುಡಿ ಎಳೆಯುವ ಇನ್ಹೇಲರ್ ಬರೆದರು. ಕ್ಯಾಪ್ಸೂಲನ್ನು ಅದರೊಳಗೆ ಹಾಕಿ, ಒಳಗಿನ ಪುಡಿಯನ್ನು ಉಸಿರಿನ ಜೊತೆ ಎಳೆಯಬೇಕು. "ಬೆಳಿಗ್ಗೆ ಒಂದು ಕ್ಯಾಪ್ಸೂಲ್, ರಾತ್ರಿ ಒಂದು. ಗೊತ್ತಾಯ್ತಾ ಯಜಮಾನ್ರೇ?" ಅಂದೆ. ತಲೆಯಾಡಿಸಿದರು. ತಿಂಗಳು ಬಿಟ್ಟು ಬಂದಾಗ ದಮ್ಮು ಹಾಗೇ ಇತ್ತು. "ಹೇಗೆ ತೊಗೊಳ್ತೀರಿ, ತೋರಿಸಿ" ಅಂದೆ. ಕ್ಯಾಪ್ಸೂಲ್ ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದರು! ಇನ್ಹೇಲರ್ ಮನೆಯ ಕಪಾಟಿನಲ್ಲಿ ಹೊಸದಾಗಿಯೇ ಕೂತಿತ್ತು.

"ಗೊತ್ತಾಯ್ತಾ" ಅಂದರೆ ನಮ್ಮ ಕಡೆ ಯಾರು "ಇಲ್ಲ" ಅಂತಾರೆ ಹೇಳಿ? ಆಮೇಲಿಂದ ನಾನು ಆ ಪ್ರಶ್ನೆ ಬಿಟ್ಟೆ. ಎದುರಿಗೇ ಮಾಡಿಸಿ ನೋಡುತ್ತಿದ್ದೆ. ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿ ಹಿಡಿದು ಜೋರಾಗಿ ಎಳೆಯಬೇಕು, 10 ಎಣಿಸುವ ತನಕ ಹಿಡಿದಿಡಬೇಕು. ಒತ್ತುವ ಪಂಪಾದರೆ ನಿಧಾನವಾಗಿ ಎಳೆಯಬೇಕು, ಅದೇ ಬೇರೆ ಲೆಕ್ಕ.

ಇನ್ನೊಂದು ಸಲ ಡಾಕ್ಟರು ಅವರನ್ನು "ದಮ್ಮು ಬರುತ್ತಾ?" ಅಂತ ಕೇಳಿದರು. "ಇಲ್ಲ ಸಾರ್." ಡಾಕ್ಟರು ಪೆನ್ನು ಕೆಳಗಿಟ್ಟರು.

"ಮೇಲಿನ ತೋಟಕ್ಕೆ ಹೋಗ್ತೀರಾ?"

"ಹೋಗಿ ಎರಡು ವರ್ಷ ಆಯ್ತು."

"ಬಚ್ಚಲ ಹಂಡೆಗೆ ನೀರು?"

"ಸೊಸೆ ತುಂಬ್ತಾಳೆ."

"ಸ್ನಾನ?"

"ಸ್ಟೂಲ್ ಮೇಲೆ ಕೂತು."

ನೋಡಿ, ದಮ್ಮು ಬರಿಸುವ ಕೆಲಸಗಳನ್ನೇ ಒಂದೊಂದಾಗಿ ಬಿಟ್ಟಿದ್ದರು. ಮತ್ತೆ ದಮ್ಮು ಎಲ್ಲಿಂದ ಬರಬೇಕು? (ಬಚ್ಚಲೊಲೆ ಹೊಗೆ ಕುಡಿಯುವ ಆ ಸೊಸೆಯನ್ನೂ ಯಾರಾದರೂ ಕೇಳಬೇಕಿತ್ತು. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ.)

ಕೊನೆಗೆ ಮನೆಯಲ್ಲೇ ಕರೆಂಟ್ ಮಿಷನ್ನಿನಿಂದ ಆಕ್ಸಿಜನ್ ಬೇಕಾಯಿತು, ದಿನಕ್ಕೆ ಕನಿಷ್ಠ 15 ಗಂಟೆ. ಮಗ ನನ್ನನ್ನು ಹೊರಗೆ ಕರೆದ. "ಅಪ್ಪನಿಗೆ ಹೇಳ್ಬೇಡಿ ಸಿಸ್ಟರ್, ಎದೆ ಒಡ್ಕೊಳ್ತಾರೆ" ಅಂದ. ಡಾಕ್ಟರು ಮಾತ್ರ ಒಳಗೆ ಹೋಗಿ ಮಂಚದ ಪಕ್ಕ ಕೂತರು. "ಏನು ಕೇಳಬೇಕು ಅನಿಸ್ತಿದೆ ನಿಮಗೆ?" ಅಂದು ಸುಮ್ಮನಾದರು. ಜಾಸ್ತಿ ಹೊತ್ತೇ ಸುಮ್ಮನಿದ್ದರು.

ಎಷ್ಟು ದಿನ ಬದುಕ್ತೀನಿ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಆ ಮಿಷನ್ನು ಕರೆಂಟ್ ಹೋದ್ರೆ ಏನ್ಮಾಡುತ್ತೆ?"

ಆಷಾಢದ ಮಳೆಯಲ್ಲಿ ನಮ್ಮ ಮಲೆನಾಡಿನ ಕರೆಂಟು ನಿಮಗೇ ಗೊತ್ತಲ್ವಾ. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಮನೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಇಡಿಸಿದೆವು, ಒಲೆಯಿಂದ ದೂರಕ್ಕೆ. ಅದನ್ನು ತಿರುಗಿಸುವುದು ಹೇಗೆ ಅಂತ ನಾನು ಹೇಳಲಿಲ್ಲ. ಸೊಸೆ ಕೈಯಲ್ಲಿ ಮೂರು ಸಲ ಮಾಡಿಸಿ ನೋಡಿದೆ.