ಜೊತೆಗೆ ಒಬ್ಬರು ಬೇಕು

ಎಲ್ಲರಿಗೂ ನಮಸ್ಕಾರ.

ಕುಶಾಲನಗರದಲ್ಲಿ ನಿಂತು ಆಶ್ರಯ ಕೇಳಿ ಬಂದವರ ಬಗ್ಗೆ ಮಾತಾಡುವಾಗ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾವೇರಿ ಸೇತುವೆ ದಾಟಿ ಕೊಪ್ಪ ಕಳೆದರೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಹಿಮದ ನಾಡಿನವರು ನಮ್ಮ ಸೆಖೆಯಲ್ಲಿ ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು ಮುಸುಕಿನ ಜೋಳ ಬೆಳೆದರು. ಆಮೇಲೆ ಸೊಸೈಟಿ, ಶಾಲೆ, ಆಸ್ಪತ್ರೆ, ಮಠಗಳು ಬಂದವು. ನಾವೆಲ್ಲ ನೆಂಟರನ್ನು ಕರೆದುಕೊಂಡು ಹೋಗುವ ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ.

ಸರ್ಕಾರ ಕೊಟ್ಟ ಜಮೀನು ದೊಡ್ಡ ಸಹಾಯವೇ. ಅದಕ್ಕಿಂತ ಜಾಸ್ತಿ ಕೈಹಿಡಿದದ್ದು ಅವರು ಒಟ್ಟಿಗೆ ಇದ್ದದ್ದು ಅಂತ ನನಗೆ ಅನಿಸುತ್ತದೆ. ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯಲ್ಲಿ ತಮ್ಮದೇ ಭಾಷೆ ಮಾತಾಡುವವರು ಇದ್ದರು.

ಈಗ ಅಫ್ಘಾನಿಸ್ತಾನದಿಂದಲೋ ಮ್ಯಾನ್ಮಾರ್‌ನಿಂದಲೋ ಹೊರಟ ಎಷ್ಟೋ ಕುಟುಂಬಗಳಿಗೆ ಆ ಪಕ್ಕದ ಮನೆ ಇಲ್ಲ. ಅರ್ಜಿ ಹಾಕಿ ಕಾಯುತ್ತಿರುತ್ತಾರೆ. ನಿರಾಶ್ರಿತರು ಅಂತ ಒಪ್ಪಿಗೆ ಸಿಗುವ ತನಕ ಯಾವುದೂ ಗಟ್ಟಿ ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಇದಕ್ಕೇ ಅಂತ ನಮ್ಮಲ್ಲಿ ಬೇರೆ ಕಾನೂನೂ ಇಲ್ಲ. ಹಾಗಾಗಿ ಅಕ್ಕಪಕ್ಕದವರ ಪಾಲು ಇನ್ನೂ ದೊಡ್ಡದು. ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಈಗ ಜರ್ಮನಿ, ಕೆನಡಾದಲ್ಲಿದ್ದಾರೆ. ಅಲ್ಲಿ ಅವರ ಬೀದಿಗೂ ಇಂಥ ಕುಟುಂಬ ಬರಬಹುದು. ಅವರಿಗೂ ಈ ಮಾತು ತಲುಪಿಸಿ.

ಹೊಸಬರಿಗೆ ನಾವು ಮೊದಲು ಕೊಡುವುದು ಸಾಮಾನು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಪರಿಹಾರ ಕೇಂದ್ರಗಳಿಗೆ ಬಂದ ಹಳೆ ಬಟ್ಟೆಯ ರಾಶಿ ನೆನಪಿದೆ ಅಲ್ವಾ? ಬಟ್ಟೆ ಸಾಕಷ್ಟಿತ್ತು. ತಾಲ್ಲೂಕು ಆಫೀಸಿನ ಸಾಲಿನಲ್ಲಿ ಜೊತೆಗೆ ನಿಲ್ಲುವವರು ಕಡಿಮೆ ಇದ್ದರು. ಹೊಸಬರಿಗೂ ಬೇಕಾಗಿರುವುದು ಅದೇ, ಜೊತೆಗೆ ಬರುವ ಒಬ್ಬರು.

ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಚೀಟಿ ಎಲ್ಲಿ ಮಾಡಿಸುವುದು, ರಕ್ತ ಎಲ್ಲಿ ಕೊಡುವುದು, ಮಾತ್ರೆ ಯಾವ ಕಿಟಕಿಯಲ್ಲಿ ಸಿಗುತ್ತದೆ? ನಮಗೇ ತಲೆ ತಿರುಗುತ್ತದೆ. ಒಂದು ಸಲ ಜೊತೆಗೆ ಹೋಗಿ. ಮಾತ್ರೆಯ ಶೀಟಿನ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಪೆನ್ನಿನಲ್ಲಿ ಬಿಡಿಸಿಕೊಡಿ. ಮುಂದಿನ ಸಲ ಅವರೇ ಮುಂದೆ ನಡೆಯಲಿ, ನೀವು ಹಿಂದೆ ಇರಿ. ಮೂರನೇ ಸಲ ನೀವು ಹೋಗಲೇಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳು ಭಾಷೆ ಬೇಗ ಕಲಿಯುತ್ತಾರೆ, ಸುಲಭ ಅಂತ ಅವರನ್ನೇ ದುಭಾಷಿ ಮಾಡಿಬಿಡುತ್ತೇವೆ. ದಯವಿಟ್ಟು ಬೇಡ. ಹತ್ತು ವರ್ಷದ ಹುಡುಗನ ಮುಂದೆ ತಾಯಿ ತನ್ನ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಗೆ ಹೇಳಬೇಕು? ಹೇಳುವುದಿಲ್ಲ. ಹೊಟ್ಟೆನೋವು ಅಂದು ಸುಮ್ನೆ ಮನೆಗೆ ಬರುತ್ತಾಳೆ. ಭಾಷೆ ಬಲ್ಲ ಒಬ್ಬ ಹೆಂಗಸನ್ನು ಹುಡುಕಿ. ಫೋನಿನಲ್ಲಿ ಮಾತಾಡಿಸಿದರೂ ನಡೆಯುತ್ತದೆ.

ಶಾಲೆಯ ವಿಷಯದಲ್ಲಿ ಕಾನೂನು ನಮ್ಮ ಪರ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುವನ್ನೂ ವಾಪಸ್ ಕಳಿಸುವ ಹಾಗಿಲ್ಲ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವ ಧೈರ್ಯ ಇರುವುದಿಲ್ಲ. ನೀವು ಹೋಗಿ ಹೆಡ್‌ಮಾಸ್ಟರ ಹತ್ತಿರ ಮರ್ಯಾದೆಯಿಂದ ಹೇಳಿ.

ಇನ್ನೊಂದು. ಅಲ್ಲಿ ಏನಾಯಿತು, ಯಾರು ಸತ್ತರು ಅಂತ ಕೇಳಬೇಡಿ. ಆ ಕಥೆಯನ್ನು ಅಧಿಕಾರಿಗಳ ಮುಂದೆ ಅವರು ಮತ್ತೆ ಮತ್ತೆ ಹೇಳಲೇಬೇಕು, ಒಂದು ತಾರೀಕು ತಪ್ಪಿದರೂ ಸುಳ್ಳು ಹೇಳುತ್ತಿದ್ದಾರೆ ಅಂತ ಅನುಮಾನ. ಚಹಾ ಕುಡಿಯುವಾಗಲೂ ವಿಚಾರಣೆ ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕೇಳಬೇಕಾದದ್ದು ಬೇರೆ ಇದೆ. ಊರಲ್ಲಿ ಏನು ಕೆಲಸ ಮಾಡುತ್ತಿದ್ದಿರಿ? ಅರ್ಜಿ ತೀರ್ಮಾನ ಆಗುವ ಮುಂಚೆ ಕೆಲಸ ಮಾಡಲು ಎಷ್ಟೋ ದೇಶಗಳು ಬಿಡುವುದಿಲ್ಲ. ದುಡಿಯುತ್ತಿದ್ದ ಮನುಷ್ಯ ಗೋಡೆ ನೋಡಿಕೊಂಡು ಕೂತರೆ ಕುಗ್ಗಿಹೋಗುತ್ತಾನೆ. ಅವನು ಮೇಷ್ಟರಾಗಿದ್ದರೆ ಸಂಜೆ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಡಲಿ. ಹೊಲಿಗೆ ಬಂದರೆ ಒಂದು ಮೆಷಿನ್ ಹೊಂದಿಸಿ, ಮನೆಯವರ ಬಟ್ಟೆಯಿಂದಲೇ ಶುರುಮಾಡಲಿ. ಸಂಬಳದ ಕೆಲಸಕ್ಕೆ ಅನುಮತಿ ಬಂದ ದಿನ ಯಾವ ಅಂಗಡಿಯವರನ್ನು ಕೇಳಬೇಕು ಅಂತ ಈಗಲೇ ವಿಚಾರಿಸಿ ಇಟ್ಟುಕೊಳ್ಳೋಣ.