ಫ್ರೆಸ್ನೋದಲ್ಲಿ ನೈಟ್ ಶಿಫ್ಟ್: ಟ್ರಾವೆಲ್ ನರ್ಸ್ ಆಗಿ ನಾನು ಕಂಡಿದ್ದು

ಹಾಯ್, ಎಲ್ಲರಿಗೂ ನಮಸ್ಕಾರ. ಕಿಟಕಿಯಾಚೆ ಕಾಣುತ್ತಿರುವುದು ಬಾದಾಮಿ ತೋಟ. ಇದು ಕ್ಯಾಲಿಫೋರ್ನಿಯಾದ ಹೈವೇ 99, ಮುಂದೆ ಸಿಗುವುದು ಫ್ರೆಸ್ನೋ. ಕ್ಯಾಲಿಫೋರ್ನಿಯಾ ಅಂದರೆ ಸಮುದ್ರ, ಹಾಲಿವುಡ್ ಅಂದುಕೊಂಡವರಿಗೆ ಇಲ್ಲಿ ಸಿಗುವುದು ಬಿಸಿಲು ಮತ್ತು ಧೂಳು. ನಾನು ನರ್ಸಿಂಗ್ ಓದಿದ್ದು ಮಂಗಳೂರಿನಲ್ಲಿ, ಮನೆ ಇರುವುದು ಟೆಕ್ಸಸ್‌ನಲ್ಲಿ, ಇಲ್ಲಿಗೆ ಬಂದಿರುವುದು 13 ವಾರದ ಕಾಂಟ್ರ್ಯಾಕ್ಟ್ ಮೇಲೆ.

"ಊರೂರು ಸುತ್ತುತ್ತಾ ಮಜಾ ಮಾಡ್ತಿದ್ದೀಯಲ್ಲಾ" ಅಂತಾರೆ ಅಮ್ಮ. ಎಲ್ಲಿಯ ಮಜಾ! ಆಸ್ಪತ್ರೆಗೆ ನರ್ಸ್‌ಗಳು ಸಾಲದೇ ಹೋದಾಗ ಏಜೆನ್ಸಿ ಮೂಲಕ ಕರೆಸಿಕೊಳ್ಳುವ ಜನ ನಾವು. 12 ಗಂಟೆಯ ಶಿಫ್ಟ್, ವಾರಕ್ಕೆ ಮೂರು. ಓರಿಯೆಂಟೇಷನ್ ಒಂದೆರಡು ಶಿಫ್ಟ್ ಅಷ್ಟೇ, ಆಮೇಲೆ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಉಪಕರಣ ಇಡುವ ಗಾಡಿ) ಎಲ್ಲಿದೆ, ಯಾವ ಡಾಕ್ಟರ್‌ಗೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಸಿಟ್ಟು ಬರುತ್ತದೆ, ಎಲ್ಲಾ ನಾವೇ ಕಲಿತುಕೊಳ್ಳಬೇಕು.

ಆದರೂ ಈ ರಾಜ್ಯಕ್ಕೆ ಬರಲು ನನಗೆ ಆಸೆ ಇತ್ತು. ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದು ಅನ್ನುವುದಕ್ಕೆ ಇಲ್ಲಿ ಕಾನೂನೇ ಇದೆ. 1999ರಲ್ಲಿ ಪಾಸಾಗಿ 2004ರಲ್ಲಿ ಜಾರಿಗೆ ಬಂತು. ಐಸಿಯುನಲ್ಲಿ ಇಬ್ಬರು, ಹೃದಯ ಬಡಿತವನ್ನು ಸದಾ ಮಾನಿಟರ್‌ನಲ್ಲಿ ನೋಡುವ ಟೆಲಿಮೆಟ್ರಿ ವಾರ್ಡ್‌ನಲ್ಲಿ ನಾಲ್ವರು, ಸಾಮಾನ್ಯ ವಾರ್ಡ್‌ನಲ್ಲಿ ಐವರು. ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ, ರಾತ್ರಿ ಆದರೂ ಅಷ್ಟೇ, ಊಟದ ಹೊತ್ತಲ್ಲೂ ಅಷ್ಟೇ. ಅಂದರೆ ನಾನು ಊಟಕ್ಕೆ ಹೋದರೆ ನನ್ನ ರೋಗಿಗಳನ್ನು ನೋಡಿಕೊಳ್ಳಲು ಬ್ರೇಕ್ ನರ್ಸ್ ಒಬ್ಬರು ಬರುತ್ತಾರೆ. ಕೂತು ಊಟ ಮಾಡಬಹುದು ಕಣ್ರೀ! ಟೆಕ್ಸಸ್ ಕಾನೂನಿನಲ್ಲಿ ಇಂಥ ಸಂಖ್ಯೆ ಇಲ್ಲ, ಆಸ್ಪತ್ರೆಗಳೇ ತಮ್ಮ ಕಮಿಟಿ ಮಾಡಿಕೊಂಡು ಪ್ಲ್ಯಾನ್ ಹಾಕುತ್ತವೆ. ಅಲ್ಲಿ ನನ್ನ ಊಟದ ಡಬ್ಬಿ ಎಷ್ಟೋ ಬೆಳಿಗ್ಗೆ ಮುಚ್ಚಳ ತೆಗೆಯದೇ ಮನೆಗೆ ವಾಪಸ್ ಬಂದಿದೆ.

ಈ ಕಾನೂನು ಇರುವುದರಿಂದಲೇ ನಮ್ಮಂಥವರಿಗೆ ಇಲ್ಲಿ ಕೆಲಸ. ಒಬ್ಬರು ರಜೆ ಹಾಕಿದರೆ ಉಳಿದವರ ತಲೆಗೆ ಕಟ್ಟಲು ಆಗುವುದಿಲ್ಲ, ಜನ ತರಲೇಬೇಕು.

"ನರ್ಸ್‌ಗಳ ಕೊರತೆ" ಅನ್ನುವ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲ್ಲ. ಲೈಸೆನ್ಸ್ ಇಟ್ಟುಕೊಂಡು ಆಸ್ಪತ್ರೆ ಕೆಲಸ ಬಿಟ್ಟವರು ಎಷ್ಟು ಜನ ಬೇಕು? ಹಾಸಿಗೆ ಪಕ್ಕ ನಿಂತು ಮಾಡುವ ಕೆಲಸಕ್ಕೇ ಜನ ನಿಲ್ಲುತ್ತಿಲ್ಲ. ಕೋವಿಡ್ ಸಮಯದಲ್ಲಿ ಕೆಲವು ಕಾಂಟ್ರ್ಯಾಕ್ಟ್‌ಗಳು ವಾರಕ್ಕೆ 5,000 ಡಾಲರ್ ದಾಟಿದ್ದವು. ವರ್ಷಗಟ್ಟಲೆ ಅದೇ ವಾರ್ಡ್‌ನಲ್ಲಿ ದುಡಿದವರು ಅದನ್ನು ನೋಡಿ ಸುಮ್ನೆ ಇರುತ್ತಾರಾ? ರಾಜೀನಾಮೆ ಕೊಟ್ಟು ಏಜೆನ್ಸಿ ಸೇರಿದರು, ಆ ಖಾಲಿ ಜಾಗಕ್ಕೆ ಆಸ್ಪತ್ರೆ ಮತ್ತೊಬ್ಬ ಟ್ರಾವೆಲ್ ನರ್ಸ್‌ನ ತಂದಿತು. ಇದ್ದವರಿಗೇ ನಾಲ್ಕು ಕಾಸು ಜಾಸ್ತಿ ಕೊಡಬಹುದಿತ್ತಲ್ವಾ? ಇದನ್ನು ನಾನೇ ಹೇಳುವುದು ತಮಾಷೆ, ನನ್ನ ಸಂಬಳವೂ ಅದೇ ಲೆಕ್ಕದ್ದು.

ಹಾಗಾಗಿ ಖಾಯಂ ನರ್ಸ್‌ಗಳು ಮುಖ ಗಂಟು ಹಾಕಿದರೆ ನನಗೆ ಬೇಜಾರಿಲ್ಲ. ಬೇರೆ ವಾರ್ಡ್‌ನಲ್ಲಿ ನರ್ಸ್‌ಗಳು ಕಮ್ಮಿ ಅಂದರೆ ಮೊದಲು ಫ್ಲೋಟ್ ಮಾಡುವುದು, ಅಂದರೆ ಅಲ್ಲಿಗೆ ಕಳಿಸುವುದು, ನಮ್ಮನ್ನೇ. ಅಡ್ಮಿಷನ್ ಕಮ್ಮಿಯಾದರೆ ಶಿಫ್ಟ್ ಕ್ಯಾನ್ಸಲ್ ಆಗುವುದೂ ಮೊದಲು ನಮ್ಮದೇ.

ಮಂಗಳೂರಿನ ಜೂನಿಯರ್‌ಗಳು ಮೆಸೇಜ್ ಮಾಡಿ, "ಅಕ್ಕಾ, ಎನ್‌ಕ್ಲೆಕ್ಸ್ ಪಾಸಾದ ತಕ್ಷಣ ಟ್ರಾವೆಲ್ ಮಾಡಬಹುದಾ?" ಅಂತ ಕೇಳುತ್ತಾರೆ. ಎನ್‌ಕ್ಲೆಕ್ಸ್ ಅಂದರೆ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಇಲ್ಲ ಮಾರಾಯ್ತಿ. ಅಮೆರಿಕಕ್ಕೆ ಬರಲು ಸ್ಪಾನ್ಸರ್ ಮಾಡಿದವರ ಹತ್ತಿರ ಒಪ್ಪಿಕೊಂಡ ಅವಧಿ ಮೊದಲು ಮುಗಿಸಬೇಕು, ಏಜೆನ್ಸಿಗಳೂ ಸಾಮಾನ್ಯವಾಗಿ ಒಂದೆರಡು ವರ್ಷದ ಅನುಭವ ಕೇಳುತ್ತವೆ. ಟೆಕ್ಸಸ್‌ನ ಮಲ್ಟಿಸ್ಟೇಟ್ ಲೈಸೆನ್ಸ್ (ಒಪ್ಪಂದ ಮಾಡಿಕೊಂಡ ರಾಜ್ಯಗಳಲ್ಲೆಲ್ಲಾ ನಡೆಯುವ ಒಂದೇ ಲೈಸೆನ್ಸ್) ಹಿಡಿದುಕೊಂಡು ಕ್ಯಾಲಿಫೋರ್ನಿಯಾಗೆ ಬರಲು ಆಗಲ್ಲ, ಈ ರಾಜ್ಯ ಆ ಒಪ್ಪಂದದಲ್ಲಿ ಇಲ್ಲ, ಬೇರೆ ಲೈಸೆನ್ಸ್ ತೆಗೆಯಬೇಕು. ಕಾಂಟ್ರ್ಯಾಕ್ಟ್ ಬಂದಾಗ ಸಂಬಳ ಆಮೇಲೆ ನೋಡಿ. ಎಷ್ಟು ಗಂಟೆ ಗ್ಯಾರಂಟಿ, ಯಾವ ಯಾವ ವಾರ್ಡ್‌ಗೆ ಫ್ಲೋಟ್, ಮಧ್ಯದಲ್ಲಿ ಕ್ಯಾನ್ಸಲ್ ಮಾಡಿದರೆ ಬಾಡಿಗೆ ಮನೆಯ ದುಡ್ಡು ಯಾರ ಕೈಯಿಂದ ಹೋಗುತ್ತದೆ, ಇಷ್ಟನ್ನು ರಿಕ್ರೂಟರ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ "ನೋ ಪ್ರಾಬ್ಲಮ್" ಅಂದರೆ ಸಹಿ ಹಾಕಬೇಡಿ.