ಎಂಟು ಸೆಕೆಂಡಿನಾಚೆಯ ಫಿನ್ಯೋನ್

ಕೇಳುಗರೇ, ನಮಸ್ಕಾರ.

ಸೈಕಲ್ ರೇಸಿನ ಹುಚ್ಚು ಎಂಥದ್ದೆಂದು ವಿಜಯಪುರ, ಬಾಗಲಕೋಟೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ಹುಚ್ಚಿನ ದೊಡ್ಡ ಜಾತ್ರೆಯೇ ಟೂರ್ ದ ಫ್ರಾನ್ಸ್. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರು, ನಡುವೆ ಆಲ್ಪ್ಸ್, ಪಿರನೀಸ್ ಬೆಟ್ಟಗಳು. ಅದನ್ನು ಎರಡು ಸಲ ಗೆದ್ದ ಫ್ರಾನ್ಸಿನ ಲೋರಾಂ ಫಿನ್ಯೋನ್ ಅವರ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುವುದು ಅವರು ಸೋತ ಒಂದು ದಿನ. ಇದು ಅನ್ಯಾಯ ಅನ್ನಿಸಿಯೇ ಇವತ್ತು ಅವರ ಬಗ್ಗೆ ಮಾತಾಡುತ್ತಿದ್ದೇನೆ.

1983ರಲ್ಲಿ ಮೊದಲ ಸಲ ಟೂರ್‌ಗೆ ಇಳಿದಾಗ ಅವರಿಗೆ 22 ವರ್ಷ. ಕಣ್ಣಿಗೆ ಕನ್ನಡಕ, ಹೊಂಬಣ್ಣದ ಕೂದಲು. ಜೊತೆಯವರು ಕರೆಯುತ್ತಿದ್ದದ್ದು 'ಪ್ರೊಫೆಸರ್' ಅಂತ. ತಂಡದ ನಾಯಕ ಬರ್ನಾರ್ ಇನೋ ಮಂಡಿನೋವಿನಿಂದ ಬಂದಿರಲಿಲ್ಲ. ಈ ಹುಡುಗ ಗೆದ್ದೇಬಿಟ್ಟ. ಇನೋ ಇರಲಿಲ್ಲ, ಅದಕ್ಕೇ ಗೆದ್ದ ಎಂದವರಿದ್ದರು. ಮರುವರ್ಷ ಇನೋ ಬೇರೆ ತಂಡ ಕಟ್ಟಿಕೊಂಡು ಎದುರಿಗೇ ಬಂದರು. ಫಿನ್ಯೋನ್ ಆ ಇನೋ ಅವರನ್ನೇ ಹತ್ತು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕಿ ಮತ್ತೆ ಗೆದ್ದರು.

1985ರಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿಗೆ ಶಸ್ತ್ರಚಿಕಿತ್ಸೆ. ಮೊದಲಿನ ಕಾಲು ಮರಳಿ ಬರಲು ವರ್ಷಗಳೇ ಹಿಡಿದವು. 1988ರಲ್ಲಿ, ಮತ್ತೆ 1989ರಲ್ಲಿ ಇಟಲಿಯ ಒಂದು ದಿನದ ದೊಡ್ಡ ರೇಸು ಮಿಲಾನ್–ಸಾನ್ ರೆಮೊ ಗೆದ್ದರು. ಅದೇ ವರ್ಷ ಟೂರ್‌ನಂಥದ್ದೇ ಮೂರು ವಾರದ ಇಟಲಿಯ ರೇಸು ಜಿರೊವನ್ನೂ ಗೆದ್ದು ಟೂರ್‌ಗೆ ಬಂದರು.

ಜುಲೈ 23, 1989. ಕೊನೆಯ ದಿನ. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರು, ಒಬ್ಬೊಬ್ಬರೇ ಓಡಬೇಕಾದ ಟೈಮ್ ಟ್ರಯಲ್. ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಫಿನ್ಯೋನ್ ಮೈಮೇಲೆ, ಕೈಯಲ್ಲಿ 50 ಸೆಕೆಂಡಿನ ಮುನ್ನಡೆ. ಆದರೆ ಸೀಟು ಉಜ್ಜಿ ಎದ್ದ ಕುರು, ಕೂತರೆ ಜೀವ ಹೋಗುವ ನೋವು. ಎದುರಾಳಿ ಅಮೆರಿಕದ ಗ್ರೆಗ್ ಲೆಮಾಂಡ್. ಎರಡು ವರ್ಷದ ಹಿಂದೆ ಬೇಟೆಯಲ್ಲಿ ಆಕಸ್ಮಿಕವಾಗಿ ತಗುಲಿದ ಗುಂಡಿನ ಚೂರುಗಳು ಇನ್ನೂ ಅವರ ಮೈಯಲ್ಲೇ ಇದ್ದವು. ಅವರ ಗೆಲುವೂ ಸಣ್ಣದಲ್ಲ. ಲೆಮಾಂಡ್ ಮುಂದಕ್ಕೆ ಚಾಚಿದ ಹೊಸ ಬಗೆಯ ಹ್ಯಾಂಡಲ್ ಹಿಡಿದು, ಗಾಳಿ ಸೀಳುವ ಹೆಲ್ಮೆಟ್ ತೊಟ್ಟು, ಬಾಗಿ ಹೋದರು. ಎರಡು ನಿಮಿಷದ ನಂತರ ಹೊರಟ ಫಿನ್ಯೋನ್ ತಲೆಗೆ ಏನೂ ಇಲ್ಲ. ಬೆನ್ನ ಮೇಲೆ ಜುಟ್ಟು ಹಾರುತ್ತಿತ್ತು. ಹಾಗೆಯೇ ಗಂಟೆಗೆ 52 ಕಿಲೋಮೀಟರು ಮೀರಿ ತುಳಿದರು. ಗೆರೆ ದಾಟಿ ರಸ್ತೆಯ ಮೇಲೇ ಕುಸಿದುಬಿದ್ದರು.

87 ಗಂಟೆಗೂ ಮೀರಿ ಸೈಕಲ್ ತುಳಿದ ಮೇಲೆ ಎಂಟು ಸೆಕೆಂಡಿನ ಸೋಲು. ನಾನೀಗ ಉಸಿರೆಳೆದುಕೊಂಡು ಈ ಒಂದು ವಾಕ್ಯವನ್ನು ನಿಧಾನವಾಗಿ ಓದಿ ಮುಗಿಸುವಷ್ಟು ಹೊತ್ತು.

1993ರಲ್ಲಿ ಅವರು ಸೈಕಲ್ ಇಳಿದರು. ತಾನೂ ನಿಷೇಧಿತ ಮದ್ದು ಬಳಸಿದ್ದೆ ಎಂದು ಮುಂದೆ ಅವರೇ ಒಪ್ಪಿಕೊಂಡರು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಬೇಡ. ಕೊನೆಯ ವರ್ಷಗಳಲ್ಲಿ ಫ್ರೆಂಚ್ ಟಿವಿಯಲ್ಲಿ ಟೂರ್ ವೀಕ್ಷಕ ವಿವರಣೆ ಕೊಡುತ್ತಿದ್ದರು. 2010ರ ಜುಲೈ ಹೊತ್ತಿಗೆ ಕ್ಯಾನ್ಸರ್ ಗಂಟಲಿಗೂ ತೊಂದರೆ ಕೊಟ್ಟು ದನಿ ಒಡೆದುಹೋಗಿತ್ತು. ಆ ಒಡೆದ ದನಿಯಲ್ಲೇ ಬೆಟ್ಟ ಹತ್ತುವ ಹುಡುಗರ ಓಟವನ್ನು ಪ್ಯಾರಿಸ್‌ವರೆಗೂ ಹೇಳಿದರು. ಆಗಸ್ಟ್ 31ಕ್ಕೆ ತೀರಿಕೊಂಡರು. ಐವತ್ತು ವರ್ಷವಾಗಿತ್ತು.

ನಮಸ್ಕಾರ.